ನೃತ್ಯಶಿಲ್ಪಿ ಉದಯ ಶಂಕರರು

ಕಳೆದ ವಾರ್ಷಿಕೋತ್ಸವಕ್ಕೆ ಮುಂಚೆ ನಮ್ಮ ವಾಚನಾಲಯದ ಹಿಂದಿನ ಕೋಣೆಯಲ್ಲಿ ತಾಲೀಮು ನಡೆಯುತ್ತಿದ್ದಾಗ ಒಂದು ಸಣ್ಣ ಚರ್ಚೆ ಎದ್ದಿತು. ನಮ್ಮ ಆರು ಮಂದಿ ತರುಣ ಸದಸ್ಯರು ಬೆಳಗಿನ ಲೋಕಲ್ ಗಾಡಿಯ ನೂಕುನುಗ್ಗಲನ್ನೇ ಒಂದು ನೃತ್ಯವಾಗಿ ಕಟ್ಟಿಕೊಂಡಿದ್ದರು. ಅವರಲ್ಲಿ ಒಬ್ಬನು ಹೋಟೆಲಿನ ಗಲ್ಲಾದಲ್ಲಿ ಕೂರುವವನು, ಇಬ್ಬರು ಗೋದಾಮಿನ ಕೆಲಸದವರು, ಉಳಿದವರು ಕಚೇರಿಯ ಗುಮಾಸ್ತರು. ಮೇಲಿನ ಹಿಡಿಕೆಗೆ ಜೋತುಬಿದ್ದ ಕೈ, ಒಂದೇ ಕಾಲಿನ ಮೇಲೆ ನಿಂತ ಮೈ, ನಿಲ್ದಾಣ ಬಂದೊಡನೆ ಎಲ್ಲರೂ ಒಂದೇ ಕಡೆಗೆ ವಾಲುವ ಪರಿ, ಇಷ್ಟೇ ಅದರ ಸಾಮಗ್ರಿ. ಹಿರಿಯ ಸದಸ್ಯರಾದ ರಾಯರೊಬ್ಬರು ಕನ್ನಡಕ ಸರಿಮಾಡಿಕೊಂಡು ನೋಡಿದರು. “ಅಲ್ಲಯ್ಯಾ, ಇದು ಯಾವ ನಾಟ್ಯ? ಭರತನಾಟ್ಯವೋ, ಯಕ್ಷಗಾನವೋ? ಕಲಿಸಿದ ಗುರುಗಳು ಯಾರು?” ಎಂದು ಕೇಳಿದರು. “ಗುರುಗಳು ಯಾರೂ ಇಲ್ಲ ರಾಯರೇ, ದಿನಾ ಹತ್ತುವ ಗಾಡಿಯೇ ಕಲಿಸಿದ್ದು” ಎಂದ ಒಬ್ಬ ಹುಡುಗ. ಎಲ್ಲರೂ ನಕ್ಕರು.

ನಕ್ಕೆವಾದರೂ ರಾಯರ ಪ್ರಶ್ನೆ ನಗೆಯಲ್ಲಿ ತೇಲಿಹೋಗತಕ್ಕದ್ದಲ್ಲ. ಅದರಲ್ಲಿ ಎರಡು ಪ್ರಶ್ನೆಗಳು ಅಡಗಿವೆ. ಶಾಸ್ತ್ರವನ್ನು ಕ್ರಮವಾಗಿ ಕಲಿಯದವನು ಕಟ್ಟಿದ ನೃತ್ಯಕ್ಕೆ ಬೆಲೆಯುಂಟೆ? ದೇವತೆಗಳೂ ರಾಜರೂ ಕುಣಿಯುವ ರಂಗದ ಮೇಲೆ ಕೂಲಿಯವನ, ಗುಮಾಸ್ತನ ಮೈಚಲನೆಗೆ ಸ್ಥಳವುಂಟೆ? ಈ ಎರಡು ಪ್ರಶ್ನೆಗಳನ್ನು ಆಯುಷ್ಯವಿಡೀ ಎದುರಿಸಿ, ಉತ್ತರವನ್ನು ತಮ್ಮ ಮೈಯಿಂದಲೇ ಹೇಳಿದ ಮಹಾಶಯರೊಬ್ಬರು ನಮ್ಮ ದೇಶದಲ್ಲಿ ಆಗಿಹೋದರು. ಅವರೇ ಉದಯ ಶಂಕರರು. ಅವರ ತಮ್ಮಂದಿರಾದ ಸಿತಾರ್ ವಾದಕ ಪಂಡಿತ ರವಿಶಂಕರರ ಹೆಸರು ಎಲ್ಲರಿಗೂ ಗೊತ್ತು. ಅಣ್ಣನ ಹೆಸರು ಇಂದು ಅಷ್ಟಾಗಿ ಕೇಳಿಬರುವುದಿಲ್ಲ. ಆದುದರಿಂದ ಅವರ ವಿಷಯವನ್ನು ನಮ್ಮ ಓದುಗರ ಮುಂದೆ ಸ್ವಲ್ಪ ವಿಸ್ತಾರವಾಗಿಯೇ ಇಡಬಯಸುತ್ತೇವೆ.

ನೃತ್ಯ ಸಂಯೋಜಕನೆಂದರೆ ಯಾರು?

ನಾಟಕಕ್ಕೆ ಬರೆಯುವವನೊಬ್ಬ, ಆಡಿಸುವವನೊಬ್ಬ ಇರುತ್ತಾನಷ್ಟೆ. ನೃತ್ಯದಲ್ಲಿ ಈ ಎರಡು ಕೆಲಸಗಳನ್ನೂ ಮಾಡುವವನನ್ನು ನೃತ್ಯ ಸಂಯೋಜಕನೆನ್ನುತ್ತಾರೆ. ಯಾರು ಎಲ್ಲಿ ನಿಲ್ಲಬೇಕು, ಯಾವ ತಾಳಕ್ಕೆ ಹೇಗೆ ಚಲಿಸಬೇಕು, ಹತ್ತು ಜನ ಒಟ್ಟಿಗೆ ಕುಣಿಯುವಾಗ ಪ್ರೇಕ್ಷಕನ ಕಣ್ಣಿಗೆ ಯಾವ ಚಿತ್ರ ಮೂಡಬೇಕು, ಬೆಳಕು ಎತ್ತಣಿಂದ ಬೀಳಬೇಕು ಎಂಬುದನ್ನೆಲ್ಲ ಮೊದಲೇ ಮನಸ್ಸಿನಲ್ಲಿ ಕಂಡು ಕಟ್ಟುವವನು ಅವನೇ.

ನಮ್ಮ ಸಂಪ್ರದಾಯದ ನೃತ್ಯಗಳಲ್ಲಿ ಈ ಕಟ್ಟಡದ ಬಹುಭಾಗ ಹಿಂದಿನವರಿಂದಲೇ ಬಂದಿರುತ್ತದೆ. ಭರತನಾಟ್ಯದ ಕಛೇರಿ ಅಲರಿಪ್ಪಿನಿಂದ ತಿಲ್ಲಾನದವರೆಗೆ ಒಂದು ಕ್ರಮದಲ್ಲಿ ನಡೆಯುತ್ತದೆ. ಯಕ್ಷಗಾನದಲ್ಲಿ ವೇಷಕ್ಕೂ ಹೆಜ್ಜೆಗೂ ಪ್ರಸಂಗಕ್ಕೂ ಪರಂಪರೆಯುಂಟು. ಆಧುನಿಕ ನೃತ್ಯ ಸಂಯೋಜಕನು ಬರಿದಾದ ರಂಗದಿಂದ ಹೊರಡುತ್ತಾನೆ. ಹೇಳಬೇಕಾದ ಮಾತೊಂದು ಅವನಲ್ಲಿರುತ್ತದೆ. ಅದಕ್ಕೆ ತಕ್ಕ ಚಲನೆಯನ್ನು ಹಳೆಯ ಶೈಲಿಗಳಿಂದಲೋ ದಿನದ ಬಾಳಿನಿಂದಲೋ ಅವನೇ ಹುಡುಕಿ ತರಬೇಕು. ಭಾರತದಲ್ಲಿ ಈ ಕೆಲಸಕ್ಕೆ ಮೊದಲು ಕೈಹಾಕಿದವರಲ್ಲಿ ಶಂಕರರು ಅಗ್ರಗಣ್ಯರು.

ಬಾಲ್ಯ ಮತ್ತು ಮುಂಬಯಿ

ಉದಯ ಶಂಕರರು ಹುಟ್ಟಿದ್ದು 1900ನೆಯ ಇಸವಿ ಡಿಸೆಂಬರ್ 8ರಂದು, ರಾಜಸ್ಥಾನದ ಉದಯಪುರದಲ್ಲಿ. ಮನೆತನ ಪೂರ್ವ ಬಂಗಾಳದ್ದು. ತಂದೆ ಶ್ಯಾಮ ಶಂಕರರು ಸಂಸ್ಕೃತ ಬಲ್ಲ ವಿದ್ವಾಂಸರು, ಝಾಲಾವಾಡ ಸಂಸ್ಥಾನದ ಸೇವೆಯಲ್ಲಿದ್ದವರು. ತಾಯಿ ಹೇಮಾಂಗಿನಿ ದೇವಿಯವರು. ತಂದೆಯ ನೌಕರಿ ಒಂದು ಕಡೆ, ತಾಯಿ ಮಕ್ಕಳ ವಾಸ ಇನ್ನೊಂದು ಕಡೆ. ನಮ್ಮಲ್ಲಿ ಅನೇಕರ ಮನೆಗಳ ಕಥೆಯೂ ಇದೇ ಅಲ್ಲವೆ? ಬಾಲಕ ಉದಯನು ಉತ್ತರ ಪ್ರದೇಶದ ಗಾಜೀಪುರದ ಹತ್ತಿರದ ನಸ್ರತ್‌ಪುರವೆಂಬ ಹಳ್ಳಿಯಲ್ಲಿ, ತಾಯಿಯ ತವರಿನಲ್ಲಿ ಬಹುಕಾಲ ಬೆಳೆದನು.

ಆ ಹಳ್ಳಿಯಲ್ಲಿ ಚರ್ಮಕಾರರ ಕೇರಿಯ ಮಾತಾದೀನ್ ಎಂಬಾತ ಹಬ್ಬದ ದಿನಗಳಲ್ಲಿ ಕುಣಿಯುತ್ತಿದ್ದ. ಬ್ರಾಹ್ಮಣರ ಮನೆಯ ಹುಡುಗ ಆ ಕೇರಿಯ ಕಡೆ ಸುಳಿಯಬಾರದೆಂಬ ಕಾಲವದು. ಆದರೂ ಹುಡುಗನ ಕಣ್ಣು ಆ ಕುಣಿತದಲ್ಲಿ ನೆಟ್ಟುಹೋಯಿತು. ಮುಂದೆ ಯೂರೋಪು ಅಮೆರಿಕಗಳನ್ನು ಗೆದ್ದು ಬಂದ ಮೇಲೂ ಶಂಕರರು ತಮ್ಮಲ್ಲಿ ನೃತ್ಯದ ಆಸೆ ಹುಟ್ಟಿಸಿದವನೆಂದು ಮಾತಾದೀನನನ್ನು ನೆನೆಯುತ್ತಿದ್ದರು. ಅವನ ನೃತ್ಯಕ್ಕೆ ಶಾಸ್ತ್ರದ ಹೆಸರೇನೂ ಇರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಹುಡುಗನಿಗೆ ಚಿತ್ರ ಬರೆಯುವುದರಲ್ಲಿ ಒಳ್ಳೆಯ ಕೈಯಿತ್ತು. ಆದುದರಿಂದ ತಂದೆ ಅವನನ್ನು ಮುಂಬಯಿಯ ಜೆ. ಜೆ. ಕಲಾಶಾಲೆಗೆ ಕಳುಹಿಸಿದರು. ಬೋರಿ ಬಂದರಿನಲ್ಲಿ ಇಳಿದು ಕೆಲಸಕ್ಕೆ ಹೋಗುವ ನಮ್ಮ ಎಷ್ಟೋ ಸದಸ್ಯರು ನಿತ್ಯವೂ ಈ ಶಾಲೆಯ ಮುಂದೆಯೇ ಹಾದುಹೋಗುತ್ತಾರೆ. 1920ರಲ್ಲಿ ಉದಯ ಶಂಕರರು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್ ಸೇರಿದರು. ಅಲ್ಲಿ ಅವರ ಗುರುಗಳು ಸುಪ್ರಸಿದ್ಧ ಚಿತ್ರಕಾರ ವಿಲಿಯಂ ರಾಥೆನ್‌ಸ್ಟೈನ್. ಅಲ್ಲಿಯವರೆಗೂ ಅವರು ಚಿತ್ರಕಾರನಾಗತಕ್ಕವರೇ ಹೊರತು ನರ್ತಕರಾಗತಕ್ಕವರಲ್ಲ.

ಪಾವ್ಲೊವಾ ತೋರಿದ ದಾರಿ

ಆ ಕಾಲದಲ್ಲಿ ಜಗತ್ತಿನ ನರ್ತಕಿಯರಲ್ಲಿ ರಷ್ಯಾ ದೇಶದ ಅನ್ನಾ ಪಾವ್ಲೊವಾ ಅವರ ಹೆಸರು ಬಹಳ ದೊಡ್ಡದು. ಆಕೆ ಭಾರತದಲ್ಲಿ ಪ್ರವಾಸ ಮಾಡಿ ಹೋಗಿ, ಭಾರತೀಯ ವಸ್ತುವಿನ ಮೇಲೆ ನೃತ್ಯಗಳನ್ನು ಮಾಡಬೇಕೆಂದಿದ್ದರು. ಲಂಡನ್ನಿನ ಸಭೆಯೊಂದರಲ್ಲಿ ಹವ್ಯಾಸಕ್ಕಾಗಿ ಕುಣಿದಿದ್ದ ಈ ತರುಣನ ಸುದ್ದಿ ಆಕೆಗೆ ಮುಟ್ಟಿತು. ಇಬ್ಬರೂ ಸೇರಿ ಹಿಂದೂ ಮದುವೆಯ ಒಂದು ನೃತ್ಯವನ್ನೂ ರಾಧಾಕೃಷ್ಣರ ಒಂದು ನೃತ್ಯವನ್ನೂ ಕಟ್ಟಿದರು. 1923ರಲ್ಲಿ ಲಂಡನ್ನಿನ ಕವೆಂಟ್ ಗಾರ್ಡನ್ ರಂಗಮಂದಿರದಲ್ಲಿ ಪಾವ್ಲೊವಾ ರಾಧೆ, ಶಂಕರರು ಕೃಷ್ಣ. ಅನಂತರ ಅವರ ತಂಡದೊಡನೆ ಅಮೆರಿಕದ ಪ್ರವಾಸವೂ ಆಯಿತು.

ಇಷ್ಟಾದರೂ ಅವರು ಭಾರತದ ಒಂದು ನೃತ್ಯಶೈಲಿಯನ್ನೂ ಗುರುಮುಖದಿಂದ ಕಲಿತಿರಲಿಲ್ಲ. ದೇವಾಲಯದ ಶಿಲ್ಪಗಳ ಪಟಗಳು, ವಸ್ತುಸಂಗ್ರಹಾಲಯದ ವಿಗ್ರಹಗಳು, ರಜಪೂತ ಚಿತ್ರಗಳು, ಚಿಕ್ಕಂದಿನಲ್ಲಿ ಕಂಡ ಹಬ್ಬದ ಕುಣಿತಗಳು, ಇವೇ ಅವರ ಪಾಠ. ಚಿತ್ರಕಾರನ ಕಣ್ಣಿದ್ದುದರಿಂದ ಕಲ್ಲಿನಲ್ಲಿ ನಿಂತ ಭಂಗಿಯೊಂದು ಚಲಿಸಿದ್ದರೆ ಹೇಗಿರುತ್ತಿತ್ತೆಂದು ಅವರು ಊಹಿಸಬಲ್ಲವರಾಗಿದ್ದರು. ಪಾವ್ಲೊವಾ ಅವರಿಗೆ ಪಾಶ್ಚಾತ್ಯ ಬ್ಯಾಲೆಯನ್ನು ಕಲಿಸಲು ಒಪ್ಪದೆ, ನಿಮ್ಮ ದೇಶದಲ್ಲಿರುವುದನ್ನೇ ಹುಡುಕಿ ಎಂದು ಹೇಳಿದರೆಂದು ಪ್ರತೀತಿ. ಮದರಾಸಿನಲ್ಲಿ ಕಲಾಕ್ಷೇತ್ರವನ್ನು ಕಟ್ಟಿದ ರುಕ್ಮಿಣೀದೇವಿಯವರಿಗೂ ನೃತ್ಯದ ದಾರಿ ಹಿಡಿಯಲು ಪ್ರೇರಣೆಯಾದವರು ಈ ಪಾವ್ಲೊವಾ ಅವರೇ.

ಇಲ್ಲಿ ನಮಗೊಂದು ಮಾತು ತೋರುತ್ತದೆ. ಊರಿನಲ್ಲಿದ್ದಾಗ ಕನ್ನಡದ ಒಂದು ಪುಸ್ತಕವನ್ನೂ ಮುಟ್ಟದೆ, ಇಲ್ಲಿಗೆ ಬಂದ ಮೇಲೆ ಈ ವಾಚನಾಲಯದಲ್ಲಿ ಕಾದಂಬರಿಗಾಗಿ ಸರತಿಯಲ್ಲಿ ನಿಲ್ಲುವವರು ನಮ್ಮಲ್ಲಿ ಎಷ್ಟು ಜನರಿಲ್ಲ! ಬಿಟ್ಟು ಬಂದ ಮೇಲೆಯೇ ಬಿಟ್ಟದ್ದು ಏನೆಂದು ಕಾಣುತ್ತದೆ. ಶಂಕರರಿಗೂ ನಾಡಿನ ಕಲೆ ಕಂಡದ್ದು ಲಂಡನ್ನಿನ ಮಂಜಿನಲ್ಲಿ.

ಬಡತನ, ಮರಳುವಿಕೆ, ಕೀರ್ತಿ

1924ರಲ್ಲಿ ಪಾವ್ಲೊವಾ ಅವರ ತಂಡವನ್ನು ಬಿಟ್ಟ ಮೇಲೆ ಕೆಲವು ವರ್ಷ ಕಷ್ಟದ ದಿನಗಳು. ಪ್ಯಾರಿಸಿನ ರಾತ್ರಿಯ ವಿನೋದಗೃಹಗಳಲ್ಲಿ ಕುಣಿದು ಹೊಟ್ಟೆ ಹೊರೆದುಕೊಳ್ಳಬೇಕಾಯಿತು. ಅಲ್ಲಿ ಸಿಮೋನ್ ಬಾರ್ಬಿಯೆ ಎಂಬ ಫ್ರೆಂಚ್ ತರುಣಿ ಅವರ ಶಿಷ್ಯೆಯಾದಳು. ಪಿಯಾನೊ ನುಡಿಸುತ್ತಿದ್ದ ಆಕೆ ‘ಸಿಮ್ಕಿ’ ಎಂಬ ಹೆಸರಿನಿಂದ ಬಹುಕಾಲ ಅವರ ಜೊತೆಯ ನರ್ತಕಿಯಾಗಿದ್ದಳು. ಸ್ವಿಟ್ಜರ್ಲೆಂಡಿನ ಶಿಲ್ಪಿ ಆಲಿಸ್ ಬೋನರ್ ಅವರ ಸಹಾಯದಿಂದ ಶಂಕರರು ಹತ್ತು ವರ್ಷಗಳ ಮೇಲೆ ಸ್ವದೇಶಕ್ಕೆ ಬಂದು, ಊರೂರು ಸುತ್ತಿ ಗುಡಿಗಳನ್ನೂ ಜಾತ್ರೆಗಳನ್ನೂ ಮೇಳಗಳನ್ನೂ ಕಣ್ತುಂಬ ನೋಡಿದರು.

ಆಮೇಲೆ ತಂಡ ಕಟ್ಟಿದರು. ಬಹುಮಟ್ಟಿಗೆ ಅದು ಮನೆಯ ತಂಡವೇ. ತಮ್ಮಂದಿರು, ಚಿಕ್ಕಪ್ಪ, ದಾಯಾದಿ ತಂಗಿ ಎಲ್ಲರೂ ಪ್ಯಾರಿಸಿಗೆ ಹೊರಟರು. ತಾಯಿಯೂ ಜೊತೆಗೆ ಹೋದರು. ಕೊನೆಯ ತಮ್ಮ ರವಿಗೆ ಆಗ ಹತ್ತು ವರ್ಷ. 1931ನೆಯ ಮಾರ್ಚಿಯಲ್ಲಿ ಪ್ಯಾರಿಸಿನಲ್ಲಿ ಮೊದಲ ಪ್ರದರ್ಶನ. ಅಲ್ಲಿಂದ ಮುಂದೆ 1938ರವರೆಗೆ ಯೂರೋಪು ಅಮೆರಿಕಗಳಲ್ಲಿ ಒಂದೇ ಸಮನೆ ಪ್ರವಾಸ. ಪಾಶ್ಚಾತ್ಯರಲ್ಲಿ ಅನೇಕರು ಭಾರತದ ನೃತ್ಯವನ್ನೂ ಭಾರತದ ವಾದ್ಯಸಂಗೀತವನ್ನೂ ಮೊದಲು ಕಂಡು ಕೇಳಿದ್ದು ಈ ತಂಡದಿಂದ.

ಅವರ ನೃತ್ಯಕ್ಕೆ ಸಂಗೀತವನ್ನು ಹೊಸದಾಗಿಯೇ ರಚಿಸುತ್ತಿದ್ದರು. ಸರೋದ್ ವಾದಕ ತಿಮಿರ್ ಬರನ್, ಕೆಲಕಾಲ ಮೈಹರಿನ ಉಸ್ತಾದ್ ಅಲ್ಲಾವುದ್ದೀನ್ ಖಾನರು ಆ ತಂಡದಲ್ಲಿದ್ದರು. ಬಹುವರ್ಷ ಸಂಗೀತದ ಭಾರ ಹೊತ್ತವರು ವಿಷ್ಣುದಾಸ ಶಿರಾಲಿಯವರು. ಹೆಸರು ಕೇಳಿದೊಡನೆ ಉತ್ತರ ಕನ್ನಡ ಜಿಲ್ಲೆಯವರಿಗೆ ಭಟ್ಕಳದ ಹತ್ತಿರದ ಶಿರಾಲಿ ನೆನಪಾಗದೆ ಇರದು. ಪಂಡಿತ ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರಾದ ಅವರು ನೃತ್ಯಕ್ಕೆಂದೇ ವಾದ್ಯವೃಂದವನ್ನು ಹೊಂದಿಸುವ ಕೆಲಸದಲ್ಲಿ ಮೊದಲಿಗರೆನಿಸಿದರು.

ಆಕ್ಷೇಪಣೆಗಳೂ ಇಲ್ಲದಿರಲಿಲ್ಲ. ಇದು ಯಾವ ಶಾಸ್ತ್ರಕ್ಕೆ ಸೇರಿದ್ದು, ಪಾಶ್ಚಾತ್ಯರ ಕಣ್ಣಿಗೆ ಹಬ್ಬ ಮಾಡಲು ಹೊಲಿದ ಕೌದಿಯಲ್ಲವೆ ಎಂದು ಸಂಪ್ರದಾಯಸ್ಥರು ಕೇಳಿದರು. ಆಕ್ಷೇಪಣೆಯಲ್ಲಿ ಸತ್ಯಾಂಶವಿತ್ತೆಂದೇ ನಮ್ಮ ಅಭಿಪ್ರಾಯ. ಅದನ್ನು ಶಂಕರರೂ ಅರಿತಿದ್ದಿರಬೇಕು. ಕೀರ್ತಿ ಏರುತ್ತಿದ್ದ ಕಾಲದಲ್ಲಿಯೇ ಅವರು ಕೇರಳದ ಕಥಕಳಿ ಆಚಾರ್ಯ ಶಂಕರನ್ ನಂಬೂದಿರಿಯವರಲ್ಲಿ ಶಿಷ್ಯರಾಗಿ ಕುಳಿತರು. ಜಗತ್ತು ಮೆಚ್ಚಿದ ಮೇಲೆ, ಮೂವತ್ತು ದಾಟಿದ ವಯಸ್ಸಿನಲ್ಲಿ, ಮೊದಲ ಪಾಠಕ್ಕೆ ಕೂರುವುದು ಸಾಮಾನ್ಯರಿಂದ ಆಗತಕ್ಕ ಕೆಲಸವಲ್ಲ.

ಯಂತ್ರ ಮತ್ತು ಮನುಷ್ಯ

ಅಲ್ಲಿಯವರೆಗೆ ಅವರ ನೃತ್ಯಗಳ ವಸ್ತು ಹೆಚ್ಚಾಗಿ ಶಿವ ಪಾರ್ವತಿ, ಇಂದ್ರ, ಕಾರ್ತಿಕೇಯ, ಗಂಧರ್ವ ಇತ್ಯಾದಿ. 1930ರ ದಶಕದ ಕೊನೆಯಲ್ಲಿ ಅವರು ‘ಲೇಬರ್ ಅಂಡ್ ಮೆಷಿನರಿ’, ಎಂದರೆ ‘ದುಡಿಮೆ ಮತ್ತು ಯಂತ್ರ’ ಎಂಬ ನೃತ್ಯನಾಟಕವನ್ನು ರಚಿಸಿದರು. ನಮ್ಮ ಓದುಗರಿಗೆ ಮುಖ್ಯವಾಗಿ ತಿಳಿಸಬೇಕೆಂದು ನಾವು ಲೇಖನಿ ಹಿಡಿದದ್ದು ಈ ಕೃತಿಯ ವಿಷಯವನ್ನೇ.

ಕಥೆ ಸರಳವಾದದ್ದು. ಹಳ್ಳಿಯ ಜನ ಹೊಲದಲ್ಲಿ, ಕಸುಬಿನಲ್ಲಿ ಹಾಡಿಕೊಂಡು ದುಡಿಯುತ್ತಿರುತ್ತಾರೆ. ಕಾರ್ಖಾನೆಯ ಕರೆ ಬರುತ್ತದೆ. ಹಣದಾಸೆಯಿಂದಲೂ ಬೇರೆ ದಾರಿ ಕಾಣದೆಯೂ ಅವರು ಹೊರಡುತ್ತಾರೆ. ಯಂತ್ರದ ಮುಂದೆ ನಿಂತ ಮನುಷ್ಯನ ಕೈಕಾಲುಗಳು ಕ್ರಮಕ್ರಮವಾಗಿ ಯಂತ್ರದ ಲಯಕ್ಕೆ ಒಗ್ಗುತ್ತವೆ. ಕೊನೆಗೆ ಯಂತ್ರ ಯಾವುದು, ಮನುಷ್ಯ ಯಾರು ಎಂದು ಹೇಳಲಾಗದಂತಾಗುತ್ತದೆ. ತಾಳಿಕೆ ಮೀರಿದಾಗ ಜನ ತಿರುಗಿ ನಿಲ್ಲುತ್ತಾರೆ.

ಇದನ್ನು ಮಾತಿನಲ್ಲಿ ಹೇಳಿದರೆ ಭಾಷಣವಾಗುತ್ತದೆ. ಶಂಕರರು ನರ್ತಕರ ದೇಹಗಳಿಂದಲೇ ಯಂತ್ರವನ್ನು ಕಟ್ಟಿದರು. ಒಬ್ಬನ ತೋಳು ಸನ್ನೆಕೋಲು, ಸುತ್ತ ನಿಂತವರು ಗಾಲಿ, ಒಬ್ಬನ ಚಲನೆ ಮುಗಿಯುವಲ್ಲಿ ಇನ್ನೊಬ್ಬನದು ಹಲ್ಲಿಗೆ ಹಲ್ಲು ಕೂಡಿದಂತೆ ಮೊದಲಾಗುತ್ತದೆ. ಹಳ್ಳಿಯ ದೃಶ್ಯದಲ್ಲಿ ಚಲನೆ ಬಳ್ಳಿಯಂತೆ ಬಳುಕುತ್ತದೆ, ಒಬ್ಬೊಬ್ಬನದೂ ಒಂದೊಂದು ರೀತಿ. ಕಾರ್ಖಾನೆಯಲ್ಲಿ ಎಲ್ಲರದೂ ಒಂದೇ, ಮೂಲೆ ಮೂಲೆಯಾಗಿ ಮುರಿದದ್ದು. ನೋಡುವವನಿಗೆ ವ್ಯಾಖ್ಯಾನ ಬೇಕಾಗುವುದಿಲ್ಲ. ಆ ದಿನಗಳಲ್ಲಿ ಮುಂಬಯಿಯ ಗಿರಣಗಾಂವಿನಲ್ಲಿ ಭೋಂಗಾ ಕೂಗಿದೊಡನೆ ಚಾಳುಗಳಿಂದ ಸಾವಿರಾರು ಜನ ಹೊರಡುತ್ತಿದ್ದರಷ್ಟೆ. ಅವರಲ್ಲಿ ಕನ್ನಡ ಜಿಲ್ಲೆಗಳಿಂದ ಬಂದವರೂ ಇದ್ದರು. ನಟರಾಜನು ಕುಣಿದ ರಂಗದ ಮೇಲೆಯೇ ಇಂಥ ದುಡಿಯುವವನ ಮೈ ಮೊದಲ ಬಾರಿಗೆ ಮುಖ್ಯ ಪಾತ್ರವಾಗಿ ಬಂದಿತು.

ಆ ಗಿರಣಿಗಳು ಇಂದಿಲ್ಲ. 1982ರ ದೊಡ್ಡ ಮುಷ್ಕರದ ಅನಂತರ ಒಂದೊಂದಾಗಿ ಮುಚ್ಚಿದವು. ಆದರೆ ದಿನವಿಡೀ ಗಣಕಯಂತ್ರದ ಮುಂದೆ ಬಾಗಿ ಕುಳಿತು ಬೆರಳು ಬಡಿಯುವವನಿಗೂ, ಗೋದಾಮಿನಲ್ಲಿ ಗಂಟೆಗೆ ಇಷ್ಟು ಪೆಟ್ಟಿಗೆಯೆಂದು ಎತ್ತಿಡುವವನಿಗೂ ಆ ನೃತ್ಯ ಹಳೆಯದೆನಿಸಲಾರದು. ರಾತ್ರಿ ಮಲಗಿದ ಮೇಲೂ ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿರುವ ಅನುಭವ ಯಾರಿಗಿಲ್ಲ?

ಅಲ್ಮೋರದ ನಾಲ್ಕು ವರ್ಷ

ಪರದೇಶದಲ್ಲಿ ಕೈತುಂಬ ಸಂಪಾದನೆಯಿದ್ದ ಕಾಲದಲ್ಲಿ ಅದನ್ನು ಬಿಟ್ಟು ಶಂಕರರು ಹಿಮಾಲಯದ ತಪ್ಪಲಿನ ಅಲ್ಮೋರಕ್ಕೆ ಬಂದರು. ಇಂಗ್ಲೆಂಡಿನ ಡಾರ್ಟಿಂಗ್‌ಟನ್ ಹಾಲಿನ ಎಲ್ಮ್‌ಹರ್ಸ್ಟ್ ದಂಪತಿಗಳೇ ಮೊದಲಾದವರ ಧನಸಹಾಯದಿಂದ 1940ರ ಸುಮಾರಿಗೆ ಅಲ್ಲಿ ಅವರ ಕಲಾಕೇಂದ್ರ ನಡೆಯತೊಡಗಿತು. ಕಥಕಳಿಗೆ ಶಂಕರನ್ ನಂಬೂದಿರಿ, ಭರತನಾಟ್ಯಕ್ಕೆ ಕಂದಪ್ಪ ಪಿಳ್ಳೆ, ಮಣಿಪುರಿಗೆ ಅಮೋಬಿ ಸಿಂಗ್, ಸಂಗೀತಕ್ಕೆ ಅಲ್ಲಾವುದ್ದೀನ್ ಖಾನರು. ಇಂಥ ನಾಲ್ವರು ಆಚಾರ್ಯರನ್ನು ಒಂದೇ ಅಂಗಳದಲ್ಲಿ ಕೂಡಿಸಿದ ವಿದ್ಯಾಲಯ ಆ ಕಾಲಕ್ಕೆ ಅಪೂರ್ವವಾದದ್ದು.

ಅಲ್ಲಿನ ಶಿಕ್ಷಣಕ್ರಮವೂ ವಿಶೇಷವಾದದ್ದು. ವಿದ್ಯಾರ್ಥಿಗಳು ಹಳೆಯ ಶೈಲಿಗಳನ್ನು ಗುರುಗಳಿಂದ ಕ್ರಮವಾಗಿ ಕಲಿಯಬೇಕು. ಇದರೊಡನೆ ಶಂಕರರದೇ ಒಂದು ತರಗತಿ. ಅದರಲ್ಲಿ ನಡೆಯುವುದು, ನಿಲ್ಲುವುದು, ತಿರುಗುವುದು ಮೊದಲಾದ ಸಾಮಾನ್ಯ ಚಲನೆಗಳಿಂದ ಹೊರಟು, ಕೊಟ್ಟ ವಿಷಯದ ಮೇಲೆ ಆ ಕ್ಷಣದಲ್ಲಿಯೇ ತಾವಾಗಿ ನೃತ್ಯ ಕಟ್ಟಬೇಕು. ಕಂಡದ್ದನ್ನು ನೆನಪಿನಲ್ಲಿಡುವುದು, ಕಾಣದ್ದನ್ನು ಕಲ್ಪಿಸುವುದು, ಹತ್ತು ಜನರೊಡನೆ ಕೂಡಿ ಚಲಿಸುವುದು, ಇವು ಮೂರೂ ಅಭ್ಯಾಸದಿಂದ ಬರತಕ್ಕವೆಂಬುದು ಅವರ ನಂಬಿಕೆ.

ಗುಡ್ಡದ ಹಳ್ಳಿಗರಿಗಾಗಿ ಅವರು ಬಯಲಿನಲ್ಲಿ ರಾಮಲೀಲೆಯನ್ನು ನೆರಳಿನಾಟವಾಗಿ ಆಡಿಸಿದರು. ನಮ್ಮ ತೊಗಲುಗೊಂಬೆಯಾಟದಲ್ಲಿ ಪರದೆಯ ಹಿಂದೆ ಗೊಂಬೆಗಳಿರುವಂತೆ ಇಲ್ಲಿ ಬಹು ದೊಡ್ಡ ಬಿಳಿಯ ಪರದೆಯ ಹಿಂದೆ ನರ್ತಕರೇ ಇರುತ್ತಿದ್ದರು. ದೀಪದ ಹತ್ತಿರ ಬಂದವನ ನೆರಳು ರಾಕ್ಷಸನಷ್ಟು ದೊಡ್ಡದು, ದೂರ ಹೋದವನದು ಮನುಷ್ಯನಷ್ಟೇ. ಹೆಚ್ಚು ವೆಚ್ಚವಿಲ್ಲದೆ ದೈತ್ಯರನ್ನು ಸೃಷ್ಟಿಸುವ ಈ ಉಪಾಯವನ್ನು ನಮ್ಮಂಥ ಸಂಘದವರು ಗಮನಿಸಬೇಕು.

ಆದರೆ ಯುದ್ಧದ ಕಾಲ, ಹಣದ ಮುಗ್ಗಟ್ಟು. 1944ರಲ್ಲಿ ಕೇಂದ್ರವನ್ನು ಮುಚ್ಚಬೇಕಾಯಿತು. ನಡೆದದ್ದು ನಾಲ್ಕೇ ವರ್ಷ.

‘ಕಲ್ಪನಾ’ ಚಿತ್ರ

ಶಾಲೆ ಹೋದ ಮೇಲೆ ಶಂಕರರು ಚಲನಚಿತ್ರವೊಂದನ್ನು ಕೈಗೆತ್ತಿಕೊಂಡರು. ಮದರಾಸಿನ ಜೆಮಿನಿ ಸ್ಟುಡಿಯೋದಲ್ಲಿ ಕೆಲಸ ಮಾಡಿ, 1948ರಲ್ಲಿ ‘ಕಲ್ಪನಾ’ ಎಂಬ ಹೆಸರಿನಿಂದ ಅದನ್ನು ಹೊರತಂದರು. ಶಿರಾಲಿಯವರ ಸಂಗೀತ. ಶಂಕರರೇ ನಾಯಕ, ಅವರ ಪತ್ನಿ ಅಮಲಾ ಶಂಕರರು ನಾಯಕಿಯರಲ್ಲೊಬ್ಬರು. ಹಿಮಾಲಯದಲ್ಲಿ ಕಲಾಕೇಂದ್ರ ಕಟ್ಟಬೇಕೆಂದು ಕನಸು ಕಾಣುವ ನರ್ತಕನೊಬ್ಬನ ಕಥೆ ಅದು. ಆ ಕಥೆಯನ್ನು ಚಿತ್ರೋದ್ಯಮದ ಒಬ್ಬ ನಿರ್ಮಾಪಕನ ಮುಂದೆ ಹೇಳುವಂತೆ, ಅವನು ಇದರಿಂದ ಲಾಭವಿಲ್ಲವೆಂದು ತಳ್ಳಿಹಾಕುವಂತೆ ಚಿತ್ರವನ್ನು ಹೆಣೆದಿದ್ದಾರೆ. ‘ದುಡಿಮೆ ಮತ್ತು ಯಂತ್ರ’ದ ನೃತ್ಯವೂ ಅದರೊಳಗಿದೆ.

ಹಾಸ್ಯವೆಂದರೆ, ಚಿತ್ರದೊಳಗಿನ ನಿರ್ಮಾಪಕ ಹೇಳಿದಂತೆಯೇ ನಿಜದಲ್ಲಿಯೂ ಆಯಿತು. ‘ಕಲ್ಪನಾ’ ಹಣ ತರಲಿಲ್ಲ. ಬಹುಕಾಲ ಅದು ಮೂಲೆಗೆ ಬಿದ್ದಿತ್ತು. ಅನಂತರ ಹಳೆಯ ಪ್ರತಿಯನ್ನು ದುರಸ್ತಿ ಮಾಡಿ 2012ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ತೋರಿಸಿದಾಗ, ತೊಂಬತ್ತು ದಾಟಿದ್ದ ಅಮಲಾ ಶಂಕರರು ಅಲ್ಲಿದ್ದು ನೋಡಿದರು. ಅವರು ತೀರಿಕೊಂಡದ್ದು 2020ರಲ್ಲಿ, ನೂರೊಂದನೆಯ ವಯಸ್ಸಿನಲ್ಲಿ.

ಬೀಜ ಬಿದ್ದ ಕಡೆಗಳು

ಅಲ್ಮೋರದ ನಾಲ್ಕು ವರ್ಷ ವ್ಯರ್ಥವಾಯಿತೆ? ಅಲ್ಲಿಂದ ಚದರಿದವರು ಎಲ್ಲೆಲ್ಲಿಗೆ ಹೋದರೆಂದು ನೋಡಿದರೆ ಉತ್ತರ ಸಿಕ್ಕುತ್ತದೆ.

ಶಾಂತಿ ಬರ್ಧನ್ ಅವರು ಮುಂಬಯಿಯ ಅಂಧೇರಿಯಲ್ಲಿ ಜನನಾಟ್ಯ ಸಂಘದ ತಂಡಕ್ಕೆ ನೃತ್ಯ ಕಟ್ಟಿಕೊಟ್ಟರು. 1943ರ ಬಂಗಾಳದ ಕ್ಷಾಮ ಆ ತಂಡದ ಕಲಾವಿದರ ಕಣ್ಣಮುಂದಿದ್ದ ವಿಷಯ. 1952ರಲ್ಲಿ ಬರ್ಧನ್ ಅವರು ಲಿಟ್ಲ್ ಬ್ಯಾಲೆ ಟ್ರೂಪ್ ಸ್ಥಾಪಿಸಿ, ನರ್ತಕರೆಲ್ಲ ಗೊಂಬೆಗಳಂತೆ ಚಲಿಸುವ ರಾಮಾಯಣವನ್ನು ರಚಿಸಿದರು. ಎರಡು ವರ್ಷಗಳಲ್ಲಿಯೇ ಅವರು ತೀರಿಕೊಂಡರೂ ಪತ್ನಿ ಗುಲ್ ಬರ್ಧನ್ ಅದನ್ನು ದಶಕಗಳ ಕಾಲ ನಡೆಸಿದರು. ಸಚಿನ್ ಶಂಕರರು ಮುಂಬಯಿಯಲ್ಲಿ, ನರೇಂದ್ರ ಶರ್ಮರು ದಿಲ್ಲಿಯಲ್ಲಿ ತಮ್ಮ ತಮ್ಮ ತಂಡಗಳನ್ನು ಕಟ್ಟಿದರು. ಜೊಹ್ರಾ ಸೆಹಗಲ್ ಅವರು ಪೃಥ್ವಿರಾಜ ಕಪೂರರ ನಾಟಕ ಕಂಪನಿಯಲ್ಲಿ ಹದಿನಾಲ್ಕು ವರ್ಷ ದುಡಿದು, ನೂರು ದಾಟಿದ ವಯಸ್ಸಿನವರೆಗೂ ಜನರನ್ನು ನಗಿಸಿ ಅಳಿಸಿದರು. ಸಿಮ್ಕಿಯವರನ್ನು ನಮ್ಮ ಓದುಗರು ತಿಳಿಯದೆಯೇ ಬಲ್ಲರು. ರಾಜ ಕಪೂರರ ‘ಆವಾರಾ’ ಚಿತ್ರದ ಕನಸಿನ ನೃತ್ಯವನ್ನು ಸಂಯೋಜಿಸಿದವರು ಅವರೇ.

ಇನ್ನೊಬ್ಬರು ನಮ್ಮವರೇ. 1925ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಬೆಳೆದ ಗುರುದತ್ತ ಶಿವಶಂಕರ ಪಡುಕೋಣೆ. ಲೋಕಕ್ಕೆ ಗುರುದತ್ತ. ಕಲ್ಕತ್ತೆಯ ಕಾರ್ಖಾನೆಯೊಂದರಲ್ಲಿ ಸ್ವಲ್ಪ ಕಾಲ ಟೆಲಿಫೋನ್ ಆಪರೇಟರಾಗಿಯೂ ಇದ್ದ ಈ ತರುಣ ಅಲ್ಮೋರದಲ್ಲಿ ಶಂಕರರ ಶಿಷ್ಯ. ಅಲ್ಲಿಂದ ಪುಣೆಯ ಪ್ರಭಾತ್ ಕಂಪನಿಗೆ ಬಂದವರು ಮೊದಲು ಚಿತ್ರಗಳಿಗೆ ನೃತ್ಯ ಸಂಯೋಜನೆ ಮಾಡಿ, ಆಮೇಲೆ ನಿರ್ದೇಶಕರಾದರು. ‘ಪ್ಯಾಸಾ’, ‘ಕಾಗಜ್ ಕೆ ಫೂಲ್’ ಚಿತ್ರಗಳಲ್ಲಿ ನೆರಳು ಬೆಳಕುಗಳ ನಡುವೆ ಮನುಷ್ಯರು ಚಲಿಸುವ ಪರಿಯನ್ನು ನೋಡಿದವರಿಗೆ ಅಲ್ಮೋರದ ಪಾಠ ವ್ಯರ್ಥವಾಗಲಿಲ್ಲವೆಂದು ತೋರದೆ ಇರದು.

ಉಳಿದದ್ದು, ಅಳಿದದ್ದು

ಶಂಕರರು ಮುಂದೆ ಕಲ್ಕತ್ತೆಯಲ್ಲಿ ನೆಲೆಸಿ, 1961ರಲ್ಲಿ ರವೀಂದ್ರ ಶತಮಾನೋತ್ಸವಕ್ಕೆ ‘ಸಾಮಾನ್ಯ ಕ್ಷತಿ’ಯನ್ನು ರಚಿಸಿದರು. ಎಪ್ಪತ್ತು ವರ್ಷದವರಾದಾಗ ಸಿನೆಮಾ ಪರದೆಯನ್ನೂ ಜೀವಂತ ನರ್ತಕರನ್ನೂ ಬೆಸೆಯುವ ‘ಶಂಕರಸ್ಕೋಪ್’ ಎಂಬ ಹೊಸ ಪ್ರಯೋಗಕ್ಕೆ ಕೈಹಾಕಿದರು. 1971ರಲ್ಲಿ ಪದ್ಮವಿಭೂಷಣ ಬಂದಿತು. 1977ನೆಯ ಸೆಪ್ಟೆಂಬರ್ 26ರಂದು ಕಲ್ಕತ್ತೆಯಲ್ಲಿ ತೀರಿಕೊಂಡರು.

ಲೆಕ್ಕ ಹಾಕಿದರೆ ನಷ್ಟದ ಕಡೆಯೂ ದೊಡ್ಡದೇ. ಭರತನಾಟ್ಯಕ್ಕೆ, ಕಥಕ್ಕಿಗೆ ಇರುವಂತೆ ಅವರ ಶೈಲಿಗೆ ಕಟ್ಟುನಿಟ್ಟಾದ ಪಠ್ಯಕ್ರಮ ಬೆಳೆಯಲಿಲ್ಲ. ಅವರ ನೃತ್ಯಗಳಲ್ಲಿ ಬಹಳಷ್ಟು ಆಡಿದವರೊಡನೆಯೇ ಹೋದವು. ಪುಸ್ತಕ ಹರಿದರೆ ಇನ್ನೊಂದು ಪ್ರತಿ ಸಿಕ್ಕೀತು. ನೃತ್ಯಕ್ಕೆ ಮನುಷ್ಯನ ಮೈಯೇ ಪುಸ್ತಕ, ಅದು ಹೋದರೆ ಹೋಯಿತು. ಸೋತಿತೆಂದ ಆ ‘ಕಲ್ಪನಾ’ ಚಿತ್ರವೊಂದು ಇಲ್ಲದಿದ್ದರೆ ಅವರ ನೃತ್ಯ ಹೇಗಿತ್ತೆಂಬುದನ್ನು ಇಂದು ಕಾಣಲು ನಮಗೆ ಹೆಚ್ಚೇನೂ ಇರುತ್ತಿರಲಿಲ್ಲ. ಸಂಘದ ಕಾರ್ಯಕ್ರಮಗಳನ್ನು ಸುಮ್ಮನೆ ಮರೆತುಬಿಡುವ ನಾವು ಇದರಿಂದ ಕಲಿಯತಕ್ಕದ್ದಿದೆ.

ಈಗ ರಾಯರ ಪ್ರಶ್ನೆಗೆ ಬರೋಣ. ಶಂಕರರ ಬಾಳಿನಿಂದ ನಮಗೆ ತೋರುವ ಉತ್ತರವಿಷ್ಟು. ಗುರುವಿಲ್ಲದೆ ಹೊರಡಬಹುದು, ಗುರುವಿಲ್ಲದೆ ಬಹಳ ದೂರ ಹೋಗಲಾಗದು. ಕಣ್ಣಿಗೆ ಬಿದ್ದದ್ದನ್ನು ಮೈಗೆ ತರುವ ಧೈರ್ಯ ಮೊದಲು ಬೇಕು. ಅದು ಮಾತಾದೀನನಿಂದ ಬಂದೀತು, ಲೋಕಲ್ ಗಾಡಿಯಿಂದಲೂ ಬಂದೀತು. ಬಂದದ್ದನ್ನು ಹದಗೊಳಿಸಲು ಬಲ್ಲವರ ಮುಂದೆ ತಲೆಬಾಗಬೇಕು. ದುಡಿಯುವವನ ಮೈಚಲನೆಗೆ ರಂಗದ ಮೇಲೆ ಸ್ಥಳವುಂಟೆ ಎಂಬ ಪ್ರಶ್ನೆಯನ್ನಂತೂ ಅವರು ಎಂಬತ್ತು ವರ್ಷಗಳಿಗೂ ಹಿಂದೆಯೇ ತೀರ್ಮಾನಿಸಿಬಿಟ್ಟಿದ್ದಾರೆ.

ಅಂದಿನ ಚರ್ಚೆಯ ಮುಂದಿನ ಭಾಗವನ್ನೂ ಹೇಳಿಬಿಡುತ್ತೇವೆ. ಮುಂದಿನ ಭಾನುವಾರ ರಾಯರು ತಾಲೀಮಿಗೆ ತಾವಾಗಿಯೇ ಬಂದರು. ಚಿಕ್ಕಂದಿನಲ್ಲಿ ಊರಿನ ಮೇಳದವರ ಹಿಂದೆ ತಿರುಗಿದವರು ಅವರು. “ಗಾಡಿ ಹೊರಡುವಾಗ ನಿಮ್ಮ ಕಾಲು ಸುಮ್ಮನೆ ಜಾರುತ್ತದೆ ಕಣ್ರಯ್ಯಾ, ಚೆಂಡೆಯ ಪೆಟ್ಟಿಗೆ ಬಿದ್ದ ಹಾಗೆ ಬೀಳಬೇಕು” ಎಂದು ಪಂಚೆ ಎತ್ತಿಕಟ್ಟಿ ನಾಲ್ಕು ಹೆಜ್ಜೆ ತೋರಿಸಿದರು. ಗಲ್ಲಾದ ಹುಡುಗ ಅದನ್ನು ಕಲಿಯಲು ಎರಡು ಭಾನುವಾರ ಹಿಡಿಯಿತು. ಉತ್ಸವದ ದಿನ ಆ ನೃತ್ಯಕ್ಕೆ ಬಿದ್ದ ಚಪ್ಪಾಳೆಯನ್ನು ಸದಸ್ಯರು ಮರೆತಿರಲಾರರು.

ಬರುವ ವರ್ಷದ ಕಾರ್ಯಕ್ರಮಕ್ಕೆ ಹೆಸರು ಕೊಡುವವರು ಸಂಜೆ ವಾಚನಾಲಯ ತೆರೆದಿರುವಾಗ ಬಂದು ಪುಸ್ತಕದಲ್ಲಿ ಬರೆಯಿಸಬೇಕು. ಯಾವ ಶೈಲಿ ಬರುತ್ತದೆಂದು ಯಾರೂ ಕೇಳುವುದಿಲ್ಲ. ನೀವು ಯಾವ ಕೆಲಸ ಮಾಡುತ್ತೀರಿ, ಆ ಕೆಲಸದಲ್ಲಿ ಕೈಕಾಲು ಹೇಗೆ ಚಲಿಸುತ್ತವೆ ಎಂದಷ್ಟೇ ಕೇಳುವೆವು.